ಮಾಳಿಗೆ ಇಳಿದ ಮೇಲೆ ಗುರು ಸ್ಪಷ್ಟವಾಯಿತು

ಕಲಬುರಗಿಯಲ್ಲಿ ಟೆಲಿಸ್ಕೋಪ್ ಇರುವವರೆಲ್ಲ ಮಾಳಿಗೆ ಹತ್ತುತ್ತಾರೆ. ನಾನೂ ಆರು ತಿಂಗಳು ಹತ್ತಿ ಇಳಿದೆ. ಈಗ ನನ್ನದು ಹಿತ್ತಲಿನಲ್ಲಿದೆ. ಮೂರು ಕಡೆ ಗೋಡೆ, ಒಂದು ಕಡೆ ಬೇವಿನ ಮರ. ಹಿತ್ತಲಿಗೆ ಇಳಿಯುತ್ತೇನೆ ಎಂದಾಗ ನಮ್ಮ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. 2026ರ ಜನವರಿಯಲ್ಲಿ ಅವರೇ ಅಲ್ಲಿ ಸರದಿ ನಿಂತು ಗುರು ಗ್ರಹದ ಪಟ್ಟೆಗಳನ್ನು ಎಣಿಸಿದರು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಆರು ಇಂಚಿನ ಡಾಬ್ಸೋನಿಯನ್, ಅಂದರೆ ಕೊಳವೆಯ ತಳದ ಆರು ಇಂಚು ಅಗಲದ ಕನ್ನಡಿಯಿಂದ ಬೆಳಕು ಕೂಡಿಸುವ ಸರಳ ಟೆಲಿಸ್ಕೋಪ್; ಫೋಕಲ್ ಉದ್ದ 1200 ಮಿ.ಮೀ. 2024ರ ಅಕ್ಟೋಬರ್‌ನಲ್ಲಿ ಪುಣೆಯವರೊಬ್ಬರು ಬಳಸಿದ್ದನ್ನು ಕೊಂಡೆ. ಸಾಗಣೆ ಸೇರಿ ಹದಿನೇಳು ಸಾವಿರದ ಆಸುಪಾಸು ಆಯಿತು. 25 ಮಿ.ಮೀ. ಐಪೀಸಿನಲ್ಲಿ (ಕಣ್ಣಿಡುವ ಮಸೂರದಲ್ಲಿ) ಚಂದ್ರ ಕಣ್ಣಿಗೆ ಹಬ್ಬ. 10 ಮಿ.ಮೀ. ಹಾಕಿ 120 ಪಟ್ಟು ಹಿಗ್ಗಿಸಿ ನೋಡಿದರೆ ಗುರು ಎಸರಿನಲ್ಲಿ ಕುದಿಯುವ ತೊಗರಿಬೇಳೆಯಂತೆ ಹೊರಳುತ್ತಿತ್ತು. ಫೋಕಸ್ ಚಕ್ರವನ್ನು ಎಷ್ಟು ತಿರುಗಿಸಿದರೂ ಅಂಚು ಹರಿತವಾಗುತ್ತಿರಲಿಲ್ಲ.

ನಮ್ಮ ಗುಂಪಿನ ಹಿರಿಯರೊಬ್ಬರು ನಿವೃತ್ತ ಮೇಷ್ಟ್ರು, ಎಂಟು ಇಂಚಿನ ಟೆಲಿಸ್ಕೋಪ್ ಇಟ್ಟುಕೊಂಡವರು. ಒಂದು ರಾತ್ರಿ ನೋಡಿ, "ಕನ್ನಡಿಯ ಲೇಪನ ಹೋಗಿದೆ, ಹೊಸದು ಮಾಡಿಸಿ" ಎಂದರು. ಕನ್ನಡಿ ಬಿಚ್ಚಿ, ಥರ್ಮಾಕೋಲಿನಲ್ಲಿ ಹುದುಗಿಸಿ ಕಳುಹಿಸಿದೆ. ಮೂರು ವಾರ ಕಾದೆ, ಮೂರೂವರೆ ಸಾವಿರ ಕೊಟ್ಟೆ. ಥಳಥಳ ಹೊಳೆಯುತ್ತ ಮರಳಿ ಬಂತು. ಬೆಳಕು ಹೆಚ್ಚಾಯಿತು, ಮಸುಕು ಮಾತ್ರ ಹಾಗೆಯೇ ಉಳಿಯಿತು. ಆಮೇಲೆ ಒಳ್ಳೆಯ ಐಪೀಸ್ ಎಂದು ನಾಲ್ಕು ಸಾವಿರ, ಚಿತ್ರವನ್ನು ಇನ್ನೂ ಇಮ್ಮಡಿ ಹಿಗ್ಗಿಸುವ ಬಾರ್ಲೋ ಮಸೂರ ಎಂದು ಎರಡು ಸಾವಿರದ ಮೇಲೆ, ಕನ್ನಡಿಗಳನ್ನು ಒಂದೇ ನೇರಕ್ಕೆ ಹೊಂದಿಸುವ ಕೊಲಿಮೇಶನ್‌ಗೆ ಲೇಸರ್ ಎಂದು ಸಾವಿರದ ಎಂಟುನೂರು. ನನ್ನ ಕಸುಬು ಮೋಟಾರ್ ರಿವೈಂಡಿಂಗ್. ದಿನವೆಲ್ಲ ಕೂಲರ್ ಮೋಟಾರು, ಬೋರ್‌ವೆಲ್ ಪಂಪು ಬಿಚ್ಚಿ ದೋಷ ಹುಡುಕುವವನು ನಾನು. ಅಂಥವನು ದೋಷ ಹುಡುಕುವ ಮೊದಲೇ ಹನ್ನೊಂದು ಸಾವಿರ ಸುರಿದದ್ದು ಇಂದಿಗೂ ನೋವು ಕೊಡುತ್ತದೆ.

ಮೊದಲು ಸಿಕ್ಕಿಬಿದ್ದದ್ದು ಲೇಸರ್. ಅದರ ಪ್ರಕಾರ ಕೊಲಿಮೇಶನ್ ಮಾಡಿದಷ್ಟೂ ಚಿತ್ರ ಕೆಡುತ್ತಿತ್ತು. ಹಲಗೆಗೆ ನಾಲ್ಕು ಮೊಳೆ ಹೊಡೆದು, ಅದರ ಮೇಲೆ ಲೇಸರನ್ನು ಮಲಗಿಸಿ, ಇಪ್ಪತ್ತು ಅಡಿ ದೂರದ ಗೋಡೆಗೆ ಬೆಳಕು ಬಿಟ್ಟು ಕೈಯಲ್ಲಿ ಉರುಳಿಸಿದೆ. ಕೆಂಪು ಚುಕ್ಕೆ ನಿಂತಲ್ಲಿ ನಿಲ್ಲಬೇಕಿತ್ತು. ಬಳೆಯಷ್ಟು ದೊಡ್ಡ ವೃತ್ತ ಬರೆಯಿತು. ಅಂದಿನಿಂದ ಅದು ಪೆಟ್ಟಿಗೆಯಲ್ಲಿದೆ. ನಡುವೆ ತೂತು ಕೊರೆದ ಡಬ್ಬಿಯ ಮುಚ್ಚಳವೊಂದರಿಂದ ಕೊಲಿಮೇಶನ್ ಮುಗಿಸುತ್ತೇನೆ.

ಎರಡನೆಯದು ಕನ್ನಡಿಯನ್ನು ಹಿಡಿದಿಡುವ ಕ್ಲಿಪ್ಪುಗಳು. ನಕ್ಷತ್ರವನ್ನು ಫೋಕಸಿನಿಂದ ಸ್ವಲ್ಪ ಸರಿಸಿದರೆ ದುಂಡಗಿನ ಉಂಗುರಗಳು ಕಾಣಬೇಕು. ನನಗೆ ಕಂಡದ್ದು ಮೂಲೆ ಸವೆದ ತ್ರಿಕೋನ. ಕನ್ನಡಿಯನ್ನು ಮರಳಿ ಕೂರಿಸುವಾಗ ಮೂರೂ ಕ್ಲಿಪ್ಪುಗಳನ್ನು ಮೋಟಾರಿನ ಮುಚ್ಚಳ ಬಿಗಿದಂತೆ ಬಿಗಿದಿದ್ದೆ. ಕಾಯಿಲ್ ಸುತ್ತುವಾಗ ಬಳಸುವ ಇನ್ಸುಲೇಶನ್ ಕಾಗದ ಕ್ಲಿಪ್ಪಿನ ಕೆಳಗೆ ಸಲೀಸಾಗಿ ಜಾರುವವರೆಗೆ ಸಡಿಲಿಸಿದೆ. ತ್ರಿಕೋನ ಹೋಯಿತು. ಉಂಗುರಗಳು ದುಂಡಗಾದವು, ಆದರೆ ನಿಲ್ಲುತ್ತಿರಲಿಲ್ಲ. ಒಂದು ಅಂಚಿನಿಂದ ಬೆಂಕಿಯ ನಾಲಗೆಯಂಥದ್ದೊಂದು ಸದಾ ಮೇಲೇಳುತ್ತಿತ್ತು. ಕೊಳವೆಯ ಬಾಯಿಗೆ ಅಂಗೈ ಹಿಡಿದಾಗಲೂ ಅಂಥದೇ ನಾಲಗೆ ಕಂಡಿತು. ಆಗ ಇದು ಶಾಖ ಎಂದು ಖಚಿತವಾಯಿತು.

ಶಾಖದ ಮೂಲ ತೋರಿಸಿದ್ದು ಅವ್ವ. 2025ರ ಏಪ್ರಿಲ್ ಕೊನೆ, ಮಾಳಿಗೆಯ ಮೇಲೆ ಮಲಗುವ ದಿನಗಳು. ನಾನು ಸಂಜೆಗೇ ಟೆಲಿಸ್ಕೋಪ್ ಹೊತ್ತೊಯ್ದು ಇಟ್ಟಿದ್ದೆ. ಅವ್ವ ಕೊಡಪಾನ ಹಿಡಿದು ಬಂದವಳು, "ನೀರು ಹೊಡೆಯದೆ ಈ ಕಲ್ಲಿನ ಮೇಲೆ ಯಾರಾದರೂ ಹಾಸಿಗೆ ಹಾಸುತ್ತಾರೇನೋ? ಅದನ್ನೂ ಆಚೆಗಿಡು" ಎಂದಳು. ನಮ್ಮ ಮಾಳಿಗೆಗೆ ಹಾಸಿರುವುದು ಶಹಾಬಾದ್ ಫರಸಿ. ಬೇರಿಂಗ್ ಕಾವು ನೋಡಲು ಅಂಗಡಿಯಲ್ಲಿರುವ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ಹಿಡಿದೆ. ರಾತ್ರಿ ಎಂಟೂವರೆಗೆ ಗಾಳಿ ಮೂವತ್ತಮೂರು ಡಿಗ್ರಿ ಇರಬಹುದು, ಕಲ್ಲು ನಲವತ್ತೆರಡು. ಕೆಳಗೆ ಹಿತ್ತಲಿನಲ್ಲಿ ಅವ್ವ ಸಂಜೆ ನೀರು ಚಿಮುಕಿಸಿದ್ದ ಮಣ್ಣು ಮೂವತ್ತೊಂದು. ಅಂದರೆ ನಾನು ಆರು ತಿಂಗಳು ಕಾದ ಹಂಚಿನ ಮೇಲೆ ನಿಂತು ಆಕಾಶ ನೋಡಿದ್ದೆ.

ಈ ಥರ್ಮಾಮೀಟರನ್ನು ಕನ್ನಡಿಯ ಹೊಳೆಯುವ ಮೈಗೆ ಹಿಡಿಯಬೇಡಿ, ಸುಳ್ಳು ಅಂಕಿ ಬರುತ್ತದೆ. ಹಿಂಬದಿಯ ಗಾಜಿಗೆ ಹಿಡಿಯಿರಿ.

ಮಾಳಿಗೆ ಬಿಡಲು ಮನಸ್ಸಾಗದೆ ಅಲ್ಲಿಯೇ ಕೆಲವು ಪ್ರಯೋಗ ಮಾಡಿದೆ. ನೀರು ಹೊಡೆದ ಮೊದಲ ಒಂದು ಗಂಟೆ ಚಿತ್ರ ಇನ್ನೂ ಕೆಟ್ಟಿತು, ಎರಡು ಗಂಟೆಯ ನಂತರ ತುಸು ಸುಧಾರಿಸಿತು. ಒದ್ದೆ ಗೋಣಿತಟ್ಟು ಹಾಸಿದ್ದು ಅದಕ್ಕಿಂತ ವಾಸಿ. ಏಪ್ರಿಲ್‌ನಲ್ಲಿ ದಿನಾ ಅಷ್ಟು ನೀರು ಎಲ್ಲಿಂದ ತರುವುದು? ಮತ್ತೊಂದು ದಿನ ಕೊಳವೆಯನ್ನೇ ಕೂಲರ್ ಎದುರು ಮಲಗಿಸಿದೆ. ಕನ್ನಡಿ ಬೇಗ ತಣಿಯಿತು ನಿಜ, ಆದರೆ ಹೊಸ ಲೇಪನದ ಮೇಲೆ ನಮ್ಮ ಬೋರ್ ನೀರಿನ ಉಪ್ಪಿನ ಬಿಳಿ ಚುಕ್ಕೆಗಳು ಕೂತವು. ಬ್ಯಾಟರಿ ಅಂಗಡಿಯಿಂದ ನಾಲ್ಕು ಲೀಟರ್ ಡಿಸ್ಟಿಲ್ಡ್ ವಾಟರ್ ತಂದು, ಪಾತ್ರೆ ತೊಳೆಯುವ ದ್ರಾವಣ ಎರಡು ಹನಿ ಬೆರೆಸಿ, ಹತ್ತಿಯನ್ನು ಒತ್ತದೆ ಎಳೆದು ತೊಳೆದೆ. ಹೆಚ್ಚಿನವು ಹೋದವು. ಮೂರು ಚುಕ್ಕೆ ಈಗಲೂ ಇವೆ. ಈ ಕೆಲಸ ಯಾರೂ ಮಾಡಬೇಡಿ.

ಕೊನೆಗೆ ಹಿತ್ತಲಿಗೆ ಇಳಿಸಿದೆ. ಮೇಷ್ಟ್ರು, "ಅಲ್ಲಿ ಅರ್ಧ ಆಕಾಶವೂ ಕಾಣುವುದಿಲ್ಲ" ಎಂದರು. ಕಾಣುವುದಿಲ್ಲ, ನಿಜ. ಆದರೆ ಅಂಚಿನ ಆಕಾಶ ಊರ ಮೇಲಿನ ದೂಳು, ಶಾಖಗಳ ಮೂಲಕ ಬರುವಂಥದ್ದು. ಗ್ರಹ ನೋಡಲು ಅದು ಹೇಗೂ ಒದಗುವುದಿಲ್ಲ. ಮೊದಲ ರಾತ್ರಿಯೇ ಮಖಾ ನಕ್ಷತ್ರ ನೆತ್ತಿಯ ಹತ್ತಿರವಿತ್ತು. ಅದರ ಉಂಗುರಗಳು ಅಷ್ಟು ಹೊತ್ತು ನಿಂತಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಉಳಿದದ್ದು ಕನ್ನಡಿಯದೇ ಶಾಖ. ಚಳಿಗಾಲದಲ್ಲೂ ಇಲ್ಲಿ ಹಗಲು ಮೂವತ್ತು, ರಾತ್ರಿ ಹದಿನೈದಕ್ಕೆ ಇಳಿಯುತ್ತದೆ. ಗಾಜು ಆ ವೇಗಕ್ಕೆ ತಣಿಯುವುದಿಲ್ಲ. ಎರಡು ಗಂಟೆ ಇಟ್ಟರೂ ಗಾಳಿಗಿಂತ ಮೂರು ನಾಲ್ಕು ಡಿಗ್ರಿ ಮೇಲೆಯೇ ಇರುತ್ತಿತ್ತು. ಹಳೆಯ ಕಂಪ್ಯೂಟರಿನ ಹನ್ನೆರಡು ವೋಲ್ಟಿನ ಫ್ಯಾನನ್ನು ನೂರೆಂಬತ್ತು ರೂಪಾಯಿಗೆ ತಂದೆ. ಮೊಬೈಲಿನ ಪವರ್ ಬ್ಯಾಂಕಿನಿಂದ ಐದು ವೋಲ್ಟ್ ಕೊಟ್ಟು ಮೆಲ್ಲಗೆ ತಿರುಗಿಸಿ, ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿಗಳಲ್ಲಿ ಕನ್ನಡಿಯ ಹಿಂದೆ ತೂಗುಹಾಕಿದೆ. ನಲವತ್ತು ನಿಮಿಷಕ್ಕೆ ಒಂದು ಡಿಗ್ರಿಯ ಅಂತರಕ್ಕೆ ಬರುತ್ತದೆ. ಗಾಳಿ ಕನ್ನಡಿಯ ಮುಖವನ್ನೂ ಸವರಿ ಹೋಗುವಂತೆ ಒಳಗೆ ಒಂದು ತಡೆ ಇಟ್ಟಿದ್ದೇನೆ. ಅದರ ಆಕಾರ ಸಿಗಲು ನನಗೆ ಒಂದು ತಿಂಗಳು ಹಿಡಿಯಿತು. ಮನೆಗೆ ಬಂದವರಿಗೆ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ. ದುರಸ್ತಿಯ ಒಟ್ಟು ಖರ್ಚು ನಾಲ್ಕುನೂರು ದಾಟಿಲ್ಲ.

2026ರ ಜನವರಿ 10ರಂದು ಗುರು ಸೂರ್ಯನಿಗೆ ನೇರ ಎದುರಿತ್ತು. ಮಿಥುನ ರಾಶಿಯಲ್ಲಿದ್ದ ಅದು ನಡುರಾತ್ರಿಯ ಹೊತ್ತಿಗೆ ನಮ್ಮೂರಿನ ನೆತ್ತಿಗೇ ಬರುತ್ತಿತ್ತು. ಗೋಡೆಯಾಗಲಿ ಬೇವಾಗಲಿ ಅಡ್ಡ ಬರಲಿಲ್ಲ. ಒಂಬತ್ತರವರೆಗೆ ಕಾಯಬೇಕಾಗುತ್ತದೆ, ಅಷ್ಟೇ. ಪಕ್ಕದ ಮನೆಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಾರೆ, ಅವರ ಒಲೆಯ ಬಿಸಿ ಗೋಡೆ ದಾಟಿ ಬರುತ್ತದೆ. ಒಲೆ ಆರಿದ ಮೇಲೆ ಬಾರ್ಲೋ ಹಾಕಿ 240 ಪಟ್ಟಿಗೆ ಹೋದೆ. ಎರಡು ದೊಡ್ಡ ಪಟ್ಟೆ, ಅವುಗಳ ಆಚೀಚೆ ಎರಡು ಸಣ್ಣವು, ಕೆಂಪು ಕಲೆ ಕೂತ ಗುಳಿ. ಅಣ್ಣನ ಮಗ ಕಣ್ಣಿಟ್ಟವನು ಐದು ನಿಮಿಷ ಎದ್ದೇಳಲಿಲ್ಲ. "ಕಾಕಾ, ಪಟ್ಟೆಯ ಅಂಚು ಹರಿದ ಬಟ್ಟೆಯ ಹಾಗಿದೆ" ಎಂದ. ಹೌದು, ಹಾಗೆಯೇ ಇರುತ್ತದೆ, ಕಂಡರೆ.

ಮೇಷ್ಟ್ರು ತಮ್ಮ ಎಂಟು ಇಂಚಿನದನ್ನು ಬರುವ ಭಾನುವಾರ ನಮ್ಮ ಹಿತ್ತಲಿಗೆ ತರುತ್ತಿದ್ದಾರೆ. ಅವರ ಕನ್ನಡಿ ದಪ್ಪ, ಒಂದು ಫ್ಯಾನು ಸಾಲದು. ಎರಡು ತರಿಸಿಟ್ಟಿದ್ದೇನೆ.