ದಾರಿ ಮಧ್ಯೆ ಎಲ್ಲಿ ನಿಲ್ಲೋಣ?

ಎಂಟು ಗಂಟೆಯ ಪ್ರಯಾಣ. ಹೊರಡುವ ಊರು ಗೊತ್ತು, ತಲುಪುವ ಊರೂ ಗೊತ್ತು. ನಡುವಿನ 500 ಕಿಲೋಮೀಟರ್ ಮಾತ್ರ ಕಿಟಕಿಯಾಚೆ ಸುಮ್ನೆ ಓಡಿಹೋಗುತ್ತದೆ. ನಾವು ಹುಡುಕುವುದು ಊರಿನ ಹೆಸರು ಹಾಕಿ, ಅದಕ್ಕೇ ಊರಿನ ಜಾಗಗಳಷ್ಟೇ ಸಿಗುತ್ತವೆ. ದಾರಿಯಲ್ಲಿರುವುದು ಕಣ್ಣಿಗೆ ಬೀಳಬೇಕಾದರೆ ದಾರಿಯನ್ನೇ ಹಿಡಿದು ಹುಡುಕಬೇಕು.

ಮೊದಲು ಹೊತ್ತು, ಆಮೇಲೆ ಜಾಗ

ಎರಡು ಗಂಟೆಗೊಮ್ಮೆ ಕನಿಷ್ಠ 15 ನಿಮಿಷ ನಿಲ್ಲಿ ಅಂತ ಬ್ರಿಟನ್ನಿನ ಹೈವೇ ಕೋಡ್ ಚಾಲಕರಿಗೆ ಹೇಳುತ್ತದೆ. ಎಲ್ಲಿ ಓಡಿಸುವವರಿಗೂ ಒಪ್ಪುವ ಮಾತು ಇದು. ಅಂದರೆ ಎಂಟು ಗಂಟೆಯ ದಾರಿಯಲ್ಲಿ ಹೇಗೂ ಮೂರು ಸಲ ನಿಲ್ಲಲೇಬೇಕು. ಎರಡು, ನಾಲ್ಕು, ಆರನೇ ಗಂಟೆಗೆ ಎಲ್ಲಿರುತ್ತೀರಿ ಎಂದು ಮ್ಯಾಪ್‌ನಲ್ಲಿ ಗುರುತು ಹಾಕಿ. ಪ್ರತಿ ಗುರುತಿನ ಸುತ್ತ 20 ಕಿ.ಮೀ. ಮಾತ್ರ ನೋಡಿದರೆ ಸಾಕು. ಹುಡುಕಾಟ ಅರ್ಧಕ್ಕರ್ಧ ಹಗುರಾಗುತ್ತದೆ.

ಮ್ಯಾಪ್ ಹಿಗ್ಗಿಸಿ ನೋಡಿ

ಗೂಗಲ್ ಮ್ಯಾಪ್ಸ್‌ನಲ್ಲಿ ದಾರಿ ಹಾಕಿಕೊಂಡು, ದಾರಿಯುದ್ದಕ್ಕೂ ಹುಡುಕುವ ಸೌಲಭ್ಯ ಬಳಸಿ. ‘ಟೂರಿಸ್ಟ್ ಪ್ಲೇಸ್’ ಅಂತ ಹಾಕಬೇಡಿ. ಜಲಪಾತ, ಕೋಟೆ, ದೀಪಸ್ತಂಭ, ವ್ಯೂ ಪಾಯಿಂಟ್, ಮ್ಯೂಸಿಯಂ ಹೀಗೆ ಒಂದೊಂದೇ ಪದ ಹಾಕಿ. ಆ ಸೀಮೆಯ ಭಾಷೆಯಲ್ಲಿ ಅದೇ ಪದ ಹಾಕಿದರೆ ಬೇರೆಯದೇ ಜಾಗಗಳು ಎದ್ದು ಬರುತ್ತವೆ.

ನನಗೆ ಜಾಸ್ತಿ ಇಷ್ಟವಾದ ಕೆಲಸ ಇನ್ನೊಂದಿದೆ. ಹುಡುಕುವುದು ಬಿಟ್ಟು, ಉಪಗ್ರಹ ಚಿತ್ರ ಹಾಕಿಕೊಂಡು ಬೆರಳಲ್ಲಿ ದಾರಿ ಸವರುತ್ತಾ ಹೋಗುವುದು. ಹೊಸ ಹೆದ್ದಾರಿ ಗೀಟು ಎಳೆದ ಹಾಗೆ ನೇರ ಇರುತ್ತದೆ. ಅದರ ಪಕ್ಕದಲ್ಲೇ ಸಣ್ಣ ರಸ್ತೆಯೊಂದು ಬಳುಕುತ್ತಾ ಬಂದು, ಊರೊಂದರ ನಡುವೆ ನುಗ್ಗಿ, ಹೊಳೆ ದಾಟಿ, ಮುಂದೆ ಮತ್ತೆ ಹೆದ್ದಾರಿಗೆ ಸೇರುತ್ತದೆ. ಬಹುಪಾಲು ಅದು ಹಳೆಯ ರಸ್ತೆ. ಬೈಪಾಸ್ ಆಗುವ ಮುಂಚೆ ಎಲ್ಲ ಗಾಡಿಗಳೂ ಅಲ್ಲೇ ಹೋಗುತ್ತಿದ್ದವು. ಹಳೇ ಸೇತುವೆ, ಊರ ಚೌಕ, ದೊಡ್ಡ ಮರಗಳ ಸಾಲು ಉಳಿದಿದ್ದರೆ ಅಲ್ಲೇ ಉಳಿದಿರುತ್ತವೆ. ರಸ್ತೆ ಗುಡ್ಡ ಹತ್ತುವಾಗ ಹಾವಿನಂತೆ ಸುತ್ತಿದೆಯಾ? ಕೊನೆಯ ತಿರುವಿನಲ್ಲಿ ಗಾಡಿ ನಿಲ್ಲಿಸುವಷ್ಟು ಅಗಲ ಇದೆಯಾ ನೋಡಿ. ಇದ್ದರೆ ಅಲ್ಲಿಂದ ಕಣಿವೆ ಕಾಣುವ ಸಾಧ್ಯತೆ ಚೆನ್ನಾಗಿದೆ.

ಪಟ್ಟಿಗಳಿಗೂ ಕಣ್ಣು ಹಾಯಿಸಿ

ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದದ್ದು, ಸ್ವಯಂಸೇವಕರೇ ತುಂಬಿಸುವ ನಕ್ಷೆ. ಕಾಲುದಾರಿ, ಒರತೆ, ಪಾಳುಗೋಡೆಯಂಥ ಸಣ್ಣಪುಟ್ಟದ್ದನ್ನೂ ಜನ ಅದರಲ್ಲಿ ಗುರುತು ಮಾಡಿರುತ್ತಾರೆ. ವಿಚಿತ್ರ ಜಾಗಗಳ ಹುಚ್ಚು ಇದ್ದರೆ ಅಟ್ಲಾಸ್ ಅಬ್ಸ್‌ಕ್ಯೂರಾ ಅನ್ನುವ ವೆಬ್‌ಸೈಟ್ ನೋಡಿ.

ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಎಲ್ಲರಿಗೂ ಗೊತ್ತು. 1978ರಲ್ಲಿ 12 ತಾಣಗಳಿಂದ ಆರಂಭವಾದದ್ದು ಅದು. ಆದರೆ ಅದರ ಜೊತೆಗೇ ‘ಟೆಂಟೇಟಿವ್ ಲಿಸ್ಟ್’ ಅಂತ ಒಂದಿದೆ. ಮುಂದೆ ಮಾನ್ಯತೆ ಕೇಳಬೇಕು ಅಂತ ದೇಶಗಳೇ ಕೊಟ್ಟ ಹೆಸರುಗಳು ಅದರಲ್ಲಿರುತ್ತವೆ. ಅಷ್ಟೇನೂ ಹೆಸರಾಗದ ಒಳ್ಳೆಯ ಜಾಗಗಳು ನನಗೆ ಅಲ್ಲಿ ಸಿಕ್ಕಿವೆ. ದಯವಿಟ್ಟು ಒಮ್ಮೆ ತೆರೆದು ನೋಡಿ.

ಲೆಕ್ಕ ಹಾಕಿ, ಅರ್ಧ ಬಿಡಿ

ಹೆದ್ದಾರಿಯಿಂದ ಬರೀ 12 ಕಿ.ಮೀ. ಅಲ್ವಾ ಅನಿಸುತ್ತದೆ. ಸಣ್ಣ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗ ಅಂದರೆ ಹೋಗಲು 18 ನಿಮಿಷ, ಬರಲು 18 ನಿಮಿಷ. ನೋಡಲು 40 ನಿಮಿಷ ಸೇರಿಸಿ. ಒಂದೂಕಾಲು ಗಂಟೆ ಹೋಯಿತು. ಹೋದ ದಾರಿಯಲ್ಲೇ ವಾಪಸ್ ಬರಬೇಕಾ, ಇಲ್ಲ ಅದೇ ರಸ್ತೆ ಮುಂದೆ ಹೆದ್ದಾರಿಗೆ ಕೂಡುತ್ತದಾ ಅಂತ ನೋಡಿ. ಕೂಡುವುದಾದರೆ ಕೆಲವೊಮ್ಮೆ ಹತ್ತೇ ನಿಮಿಷದ ಸುತ್ತು.

ತೆರೆದಿರುವ ಹೊತ್ತು ವಿಚಾರಿಸಿ. ಎಷ್ಟೋ ದೇಶಗಳಲ್ಲಿ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಜಲಪಾತವಾದರೆ ನೀವು ಹೋಗುವ ತಿಂಗಳಲ್ಲೇ ತೆಗೆದ ಫೋಟೋ ಹುಡುಕಿ. ಮಳೆಗಾಲದ ಫೋಟೋ ನಂಬಿ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಒಣಗಿದ ಬಂಡೆ ನೋಡಿ ಅವರ ಮುಖ ಬಾಡಿದ್ದು ಇನ್ನೂ ನೆನಪಿದೆ. ಪಶ್ಚಿಮಕ್ಕೆ ಮುಖ ಮಾಡಿದ ವ್ಯೂ ಪಾಯಿಂಟ್‌ನಲ್ಲಿ ಸಂಜೆ ಹೊತ್ತು ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಸೂರ್ಯಾಸ್ತವೇ ಬೇಕು ಅಂದರೆ ಸರಿ, ಕಣಿವೆ ಸ್ಪಷ್ಟವಾಗಿ ಕಾಣಬೇಕಾದರೆ ಬೆಳಿಗ್ಗೆಯೇ ಹೋಗಿ.

ಇಷ್ಟಾದ ಮೇಲೆ ಪಟ್ಟಿಯಲ್ಲಿ ಆರೇಳು ಹೆಸರು ಉಳಿದಿರುತ್ತವೆ. ಮೂರು ಇಟ್ಟುಕೊಳ್ಳಿ. ಒಂದು ಮೈ ಆಡಿಸುವಂಥದ್ದು, ಒಂದು ನೆರಳಲ್ಲಿ ನಿಂತು ನೋಡುವಂಥದ್ದು, ಇನ್ನೊಂದು ನಿಮ್ಮ ಇಷ್ಟದ್ದು. ಉಳಿದವು ಬರುವಾಗ ನೋಡಬಹುದು. ಮೂರಕ್ಕೂ ಪಿನ್ ಹಾಕಿ, ದಾರಿಯ ನಕ್ಷೆಯನ್ನು ಆಫ್‌ಲೈನ್‌ಗೆ ಇಳಿಸಿಕೊಳ್ಳಿ. ಗುಡ್ಡಗಾಡಿನಲ್ಲಿ ಸಿಗ್ನಲ್ ನಂಬುವಂತಿಲ್ಲ. ಫೋನ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ.

ದಿನದ ಲೆಕ್ಕದಲ್ಲಿ ಒಂದು ಗಂಟೆ ಖಾಲಿ ಬಿಡಿ. ಬಹಳ ದೇಶಗಳಲ್ಲಿ ನೋಡುವ ಜಾಗಗಳಿಗೆ ಕಂದು ಬಣ್ಣದ ಫಲಕ ಹಾಕಿರುತ್ತಾರೆ. ಯಾವ ಮ್ಯಾಪಿನಲ್ಲೂ ನಿಮ್ಮ ಕಣ್ಣಿಗೆ ಬೀಳದ ಹೆಸರೊಂದು, ಪಕ್ಕದಲ್ಲಿ ಬಾಣದ ಗುರುತು, ‘3 ಕಿ.ಮೀ.’ ಆ ಗಂಟೆ ಇನ್ನೂ ಕೈಯಲ್ಲಿದ್ದರೆ ಇಂಡಿಕೇಟರ್ ಹಾಕಿ, ತಿರುಗಿಸಿ.