ಪಿಕಪ್ ಹಿಂದೆ ಟ್ರ್ಯಾಕ್ಟರ್ ಸಾಗಿಸೋಕೆ ಎಂಥ ಟ್ರೇಲರ್ ತಗೋಬೇಕು?

ಪಿಕಪ್ ಎಷ್ಟು ಎಳೆಯತ್ತೆ ಅನ್ನೋದನ್ನೇ ಹಿಡ್ಕೊಂಡು ಟ್ರೇಲರ್ ಹುಡುಕೋಕೆ ಹೊರಟ್ರೆ ಲೆಕ್ಕ ಉಲ್ಟಾ ಆಗತ್ತೆ. ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿರೋ ಟೋಯಿಂಗ್ ಕೆಪ್ಯಾಸಿಟಿ ಸಾಮಾನ್ಯವಾಗಿ ಆ ಮಾಡಲ್‌ನಲ್ಲೇ ಚೆನ್ನಾಗಿ ಎಳೆಯೋ ಒಂದು ವೇರಿಯಂಟ್‌ದು, ನಿಮ್ಮ ಹತ್ರ ಇರೋದು ಅದೇ ಅನ್ನೋಕೆ ಗ್ಯಾರಂಟಿ ಇಲ್ಲ. ಮೊದಲು ಟ್ರ್ಯಾಕ್ಟರ್ ತೂಕ, ಆಮೇಲೆ ಅದಕ್ಕೆ ತಕ್ಕ ಟ್ರೇಲರ್, ಕೊನೆಗೆ ಎರಡೂ ಸೇರಿ ಪಿಕಪ್‌ನ ಹಿಂಭಾಗದ ಮೇಲೆ ಎಷ್ಟು ಭಾರ ಬೀಳತ್ತೆ ಅಂತ ನೋಡ್ಬೇಕು. ಈ ಕ್ರಮದಲ್ಲೇ ಹೋಗಿ. ಅಂದಹಾಗೆ ಇಲ್ಲಿ ಮಾತಾಡ್ತಿರೋದು ಟ್ರ್ಯಾಕ್ಟರ್ ಎಳೆಯೋ ಟ್ರೇಲರ್ ಬಗ್ಗೆ ಅಲ್ಲ, ಟ್ರ್ಯಾಕ್ಟರನ್ನೇ ಹೊತ್ಕೊಂಡು ಹೋಗೋದರ ಬಗ್ಗೆ.

ಟ್ರ್ಯಾಕ್ಟರ್ ತೂಕ ಅಂದ ತಕ್ಷಣ ಎಲ್ರೂ ಮ್ಯಾನ್ಯುಯಲ್ ತೆಗೆದು ಅದರಲ್ಲಿರೋ ನಂಬರ್ ಹೇಳ್ತಾರೆ. ಅದು ಬರೀ ಗಾಡಿ ತೂಕ ಅಷ್ಟೇ. ಮುಂದೆ ಲೋಡರ್ ಇದ್ಯಾ, ಹಿಂದೆ ರೋಟವೇಟರ್ ಕಟ್ಟಿರ್ತೀರಾ, ಹಿಂದಿನ ಟೈರ್‌ಗೆ ನೀರು ತುಂಬ್ಸಿದೀರಾ, ಡೀಸೆಲ್ ಫುಲ್ ಇರತ್ತಾ, ಇದೆಲ್ಲ ಅದರಲ್ಲಿ ಬರಲ್ಲ. ಒಂದು ಚಿಕ್ಕ ಟ್ರ್ಯಾಕ್ಟರ್ 1,100 ಕೆಜಿ ಅಂತಿಟ್ಕೊಳ್ಳಿ. ಲೋಡರ್ ಬಕೆಟ್ ಸಮೇತ 350, ರೋಟವೇಟರ್ 300, ಟೈರ್ ಒಳಗಿನ ನೀರು 150, ಅಲ್ಲಿಗೆ 1,900 ಆಯ್ತು. ಟೈರ್‌ನಲ್ಲಿರೋದು ಬರೀ ನೀರಲ್ಲದೆ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಆಗಿದ್ರೆ ಅದು ನೀರಿಗಿಂತ ಇನ್ನೂ ಭಾರ. ಹತ್ರದಲ್ಲಿ ಎಲ್ಲಾದ್ರೂ ವೇಬ್ರಿಡ್ಜ್ ಇದ್ರೆ ಎಲ್ಲ ಕಟ್ಕೊಂಡು ಹೋಗಿ ಒಂದ್ಸಲ ತೂಕ ಹಾಕ್ಸಿಬಿಡಿ, ಊಹೆ ಮಾಡೋ ತಾಪತ್ರಯನೇ ಇರಲ್ಲ.

ಈಗ ಟ್ರೇಲರ್. ಪ್ರತಿ ಟ್ರೇಲರ್‌ಗೂ ಒಂದು ಪ್ಲೇಟ್ ಹೊಡೆದಿರ್ತಾರೆ, ಅದರಲ್ಲಿ ಜಿವಿಡಬ್ಲ್ಯೂಆರ್ ಅಂತ ಒಂದು ತೂಕ ಇರತ್ತೆ, ಅಂದ್ರೆ ಟ್ರೇಲರ್ ಮತ್ತು ಅದರ ಮೇಲಿನ ಸಾಮಾನು ಎರಡೂ ಸೇರಿ ಎಷ್ಟರವರೆಗೆ ಹೋಗಬಹುದು ಅಂತ. ತುಂಬಾ ಜನ ಎಡವೋದು ಇಲ್ಲೇ, 7,000 ಪೌಂಡ್ ಟ್ರೇಲರ್ ಅಂದ್ರೆ 7,000 ಪೌಂಡ್ ಹೇರಬಹುದು ಅಂದ್ಕೋತಾರೆ. 7,000 ಪೌಂಡ್ ಅಂದ್ರೆ 3,175 ಕೆಜಿ, ಅದರಲ್ಲಿ ಟ್ರೇಲರ್‌ನ ಸ್ವಂತ ತೂಕನೇ ಸುಮಾರು 900 ಕೆಜಿ ಇರತ್ತೆ, ಉಳಿಯೋದು 2,275. ನಮ್ಮ 1,900 ಕೆಜಿ ಟ್ರ್ಯಾಕ್ಟರ್ ಇದರಲ್ಲಿ ಕೂರತ್ತೆ, ಆದ್ರೆ ನಾಳೆ ಇನ್ನೊಂದು ಇಂಪ್ಲಿಮೆಂಟ್ ಜೊತೆಗೆ ಹಾಕ್ಕೊಂಡು ಹೋಗೋಣ ಅಂದ್ರೆ ಜಾಗ ಸಾಲಲ್ಲ. ಇದಕ್ಕಿಂತ ಮೇಲಿನ ಸೈಜ್ 10,000 ಪೌಂಡ್, ಅಂದ್ರೆ 4,536 ಕೆಜಿ, ಅದು ಖಾಲಿ ಇದ್ದಾಗ್ಲೇ 1,200ರಿಂದ 1,300 ಕೆಜಿ ತೂಗತ್ತೆ. 14,000 ಪೌಂಡ್‌ದೂ ಸಿಗತ್ತೆ, ಆದ್ರೆ ಅದು ದೊಡ್ಡ ಟ್ರ್ಯಾಕ್ಟರ್ ಮತ್ತು ದೊಡ್ಡ ಪಿಕಪ್ ಇರೋರಿಗೆ. ದೊಡ್ಡದು ತಗೊಂಡ್ರೆ ಸೇಫ್ ಅನ್ನೋ ಮಾತು ಅರ್ಧ ಮಾತ್ರ ನಿಜ, ಯಾಕಂದ್ರೆ ಟ್ರೇಲರ್‌ನ ಆ ಹೆಚ್ಚುವರಿ ಕಬ್ಬಿಣನೂ ನಿಮ್ಮ ಪಿಕಪ್ಪೇ ಎಳೀಬೇಕು. ನನ್ನ ಕೇಳಿದ್ರೆ ಎಲ್ಲ ಹೇರಿದ ಮೇಲೂ ಟ್ರೇಲರ್ ಹೊರಬಹುದಾದ ಸಾಮಾನಿನ ತೂಕದಲ್ಲಿ 15-20 ಪರ್ಸೆಂಟ್ ಉಳಿಯೋ ಹಾಗೆ ನೋಡ್ಕೊಳ್ಳಿ, ಅಷ್ಟು ಸಾಕು.

ಮುಖ್ಯವಾದ ವಿಷಯ ಇನ್ನು ಬರತ್ತೆ, ಟಂಗ್ ವೇಟ್. ಟ್ರೇಲರ್‌ನ ಮೂತಿ ಪಿಕಪ್‌ ಹಿಂದಿನ ಹಿಚ್‌ನಲ್ಲಿರೋ (ಟ್ರೇಲರ್ ಕಟ್ಟೋ ಕೊಂಡಿ) ಕಬ್ಬಿಣದ ಗುಂಡು, ಅಂದ್ರೆ ಬಾಲ್ ಮೇಲೆ ಎಷ್ಟು ಭಾರ ಹಾಕತ್ತೆ ಅನ್ನೋದೇ ಟಂಗ್ ವೇಟ್. ಬಂಪರ್ ಕೆಳಗಿನ ಹಿಚ್‌ಗೆ ಕಟ್ಟೋ ಟ್ರೇಲರ್‌ಗೆ ಇದು ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಇರ್ಬೇಕು. ಆಕ್ಸಲ್ ನಡುವೆ ಇದ್ದು ಎರಡು ಕಡೆ ಭಾರ ಇರೋದ್ರಿಂದ ಇದು ಏತದ ಹಾಗೆ, ಹಿಂದೆ ಭಾರ ಜಾಸ್ತಿ ಆದ್ರೆ ಮೂತಿ ಮೇಲೇಳತ್ತೆ. ಮೂತಿ ಹಗುರ ಆದ್ರೆ ಸ್ಪೀಡ್‌ನಲ್ಲಿ ಟ್ರೇಲರ್ ಬಾಲ ಅಲ್ಲಾಡ್ಸೋಕೆ ಶುರು ಮಾಡತ್ತೆ, ಒಂದು ಲಾರಿ ಪಕ್ಕದಲ್ಲಿ ಪಾಸ್ ಆಗಿದ್ದಕ್ಕೆ ಶುರುವಾದ ಅಲ್ಲಾಟ ಕಡಿಮೆ ಆಗೋ ಬದಲು ಜಾಸ್ತಿ ಆಗ್ತಾ ಹೋಗಿ ಪಿಕಪ್ಪನ್ನೇ ಎಳ್ಕೊಂಡು ರಸ್ತೆಯಾಚೆ ಹಾಕಬಹುದು. ಹಾಗಾದಾಗ ಬ್ರೇಕ್ ಜೋರಾಗಿ ತುಳೀಬೇಡಿ, ಸ್ಟೀರಿಂಗ್ ಎಳೆದಾಡ್ಬೇಡಿ, ಆಕ್ಸಿಲರೇಟರ್ ಬಿಟ್ಟು ಬರೀ ಟ್ರೇಲರ್ ಬ್ರೇಕ್ ಮಾತ್ರ ಕೈಯಲ್ಲಿ ಹಾಕಿ, ಅದಕ್ಕೇ ಬ್ರೇಕ್ ಕಂಟ್ರೋಲರ್‌ನಲ್ಲಿ (ಪಿಕಪ್ ಒಳಗಿಂದ ಟ್ರೇಲರ್ ಬ್ರೇಕ್ ಹಾಕೋ ಸಾಧನ) ಒಂದು ಲಿವರ್ ಇರೋದು.

ಈಗ ನಮ್ಮ ಲೆಕ್ಕ. ಟ್ರ್ಯಾಕ್ಟರ್ 1,900, ಟ್ರೇಲರ್ 900, ಒಟ್ಟು 2,800. ಅದರ 12 ಪರ್ಸೆಂಟ್ 336 ಕೆಜಿ. ಪಿಕಪ್‌ನ ಡ್ರೈವರ್ ಕಡೆ ಬಾಗಿಲು ತೆಗೆದ್ರೆ ಕಂಬದ ಮೇಲೆ ಸಾಮಾನ್ಯವಾಗಿ ಒಂದು ಸ್ಟಿಕರ್ ಇರತ್ತೆ, ಒಳಗೆ ಒಟ್ಟು ಎಷ್ಟು ತೂಕ ಹೇರಬಹುದು ಅಂತ ಅದರಲ್ಲಿ ಬರೆದಿರ್ತಾರೆ, ಸ್ಟಿಕರ್ ಇಲ್ದಿದ್ರೆ ಮ್ಯಾನ್ಯುಯಲ್‌ನಲ್ಲಿ ಸಿಗತ್ತೆ. ಅದು 700 ಕೆಜಿ ಅಂತಿದ್ರೆ ಇಬ್ರು ಕೂತ್ರೆ 150, ಚೈನು ಟೂಲ್ಸು ಎಲ್ಲ ಸೇರಿ 100, ಹಿಚ್‌ಗೆ 20 ಕಳೀಬೇಕು, ಉಳಿಯೋದು 430. ಅದರಲ್ಲಿ 336 ಟಂಗ್ ವೇಟ್ ಹೋಯ್ತು ಅಂದ್ರೆ ಮಿಗೋದು 94 ಕೆಜಿ, ಇನ್ನಿಬ್ರು ಹಿಂದಿನ ಸೀಟಿಗೆ ಬಂದು ಕೂತ್ರೆ ಲಿಮಿಟ್ ದಾಟ್ತು. ಬ್ರೋಷರ್ ಪ್ರಕಾರ ಎಳೆಯೋ ಶಕ್ತಿ ಇನ್ನೂ ಎಷ್ಟೋ ಬಾಕಿ ಇದ್ರೂ ಹಿಂದಿನ ಆಕ್ಸಲ್ ಹತ್ರ ಬಂದು ಲೆಕ್ಕ ಮುಗಿಯತ್ತೆ.

ಟಂಗ್ ವೇಟ್ ಅಳೆಯೋಕೂ ಅದೇ ವೇಬ್ರಿಡ್ಜ್ ಸಾಕು. ಮೊದಲು ಬರೀ ಪಿಕಪ್ ತೂಕ ಹಾಕ್ಸಿ, ಆಮೇಲೆ ಟ್ರೇಲರ್ ಕಟ್ಕೊಂಡೇ ಪಿಕಪ್‌ನ ನಾಲ್ಕೂ ಚಕ್ರ ಮಾತ್ರ ಪ್ಲೇಟ್ ಮೇಲಿರೋ ಹಾಗೆ, ಟ್ರೇಲರ್ ಚಕ್ರ ಹೊರಗಿರೋ ಹಾಗೆ ನಿಲ್ಲಿಸಿ ಇನ್ನೊಂದ್ಸಲ ಹಾಕ್ಸಿ, ಎರಡರ ವ್ಯತ್ಯಾಸನೇ ಟಂಗ್ ವೇಟ್.

ಡೆಕ್, ಅಂದ್ರೆ ಟ್ರ್ಯಾಕ್ಟರ್ ನಿಲ್ಲೋ ಹಾಸು, ಎಷ್ಟು ಉದ್ದ ಇರ್ಬೇಕು ಅನ್ನೋ ಪ್ರಶ್ನೆಗೂ ಉತ್ತರ ಟಂಗ್ ವೇಟ್‌ನಿಂದ್ಲೇ ಬರೋದು. ಟ್ರ್ಯಾಕ್ಟರ್ ಹಿಡಿಸಿದ್ರೆ ಸಾಕು ಅಂತ ಉದ್ದ ನೋಡೋದಲ್ಲ, ಹಿಡಿಸಿದ ಮೇಲೂ ಹಿಂದೆ ಮುಂದೆ ಸರಿಸೋಕೆ ಜಾಗ ಇರ್ಬೇಕು. ಬಾಲ್‌ನಿಂದ ಆಕ್ಸಲ್‌ಗೆ 4.5 ಮೀಟರ್ ದೂರ ಇರೋ ಟ್ರೇಲರ್ ಮೇಲೆ 1,900 ಕೆಜಿ ಟ್ರ್ಯಾಕ್ಟರನ್ನ 30 ಸೆಂಟಿಮೀಟರ್ ಮುಂದೆ ತಳ್ಳಿದ್ರೆ ಟಂಗ್ ವೇಟ್ ಹತ್ರಹತ್ರ 125 ಕೆಜಿ ಏರತ್ತೆ, ಒಂದು ಅಡಿಗೆ ಅಷ್ಟು. ಮೂತಿಗೆ ತಾಗಿಸಿ ನಿಲ್ಲಿಸಿದ್ರೆ ಮಾತ್ರ ಹಿಡಿಸೋ ಅಷ್ಟು ಗಿಡ್ಡ ಡೆಕ್ ಇದ್ರೆ ತೂಕ ಎಲ್ಲಿ ಬೀಳ್ಬೇಕು ಅನ್ನೋದು ನಿಮ್ಮ ಕೈಲಿರಲ್ಲ. ಲೋಡರ್ ಮುಂದೆ ಚಾಚಿ, ಹಿಂದೆ ರೋಟವೇಟರ್ ಕಟ್ಟಿದ್ರೆ ಚಿಕ್ಕ ಟ್ರ್ಯಾಕ್ಟರ್ ಕೂಡ 16 ಅಡಿ ಹತ್ರ ಬರಬಹುದು, ಹಾಗಾಗಿ 18ರಿಂದ 20 ಅಡಿ ಡೆಕ್ ನೋಡಿ. ಬರೀ ಟ್ರ್ಯಾಕ್ಟರ್ ಅಷ್ಟೇ ಸಾಗಿಸೋದಾದ್ರೆ 16 ಸಾಕು. ಅಳತೆ ತಗೊಳ್ವಾಗ ಬಕೆಟ್ ನೆಲದ ಮೇಲೆ ಇಳಿಸಿಟ್ಟು ಅಳೀರಿ, ಎತ್ತಿಟ್ಕೊಂಡು ಅಳೆದ್ರೆ ಸರಿಯಾದ ಉದ್ದ ಸಿಗಲ್ಲ.

ಅಗಲಕ್ಕೆ ಹಿಂದಿನ ಟೈರ್‌ಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೀರಿ. ಸಾಮಾನ್ಯವಾಗಿ ತಗ್ಗು ಡೆಕ್ ಟ್ರೇಲರ್‌ಗೆ ಎರಡು ಮಡ್‌ಗಾರ್ಡ್ ಮಧ್ಯೆ 82-83 ಇಂಚು ಸಿಗತ್ತೆ, ಚಿಕ್ಕ ಟ್ರ್ಯಾಕ್ಟರ್‌ಗೆ ಅದು ಬೇಕಾದಷ್ಟಾಯ್ತು. ಡೆಕ್ ಚಕ್ರದ ಮೇಲೆ ಬರೋ ಥರದ್ದು 102 ಇಂಚು ಅಗಲ ಇರತ್ತೆ, ಆದ್ರೆ ನೆಲದಿಂದ ಎತ್ತರನೂ ಜಾಸ್ತಿ, ಟ್ರ್ಯಾಕ್ಟರ್ ಮೊದಲೇ ಎತ್ತರದ ಗಾಡಿ, ತಿರುವಿನಲ್ಲಿ ವಾಲೋದು ಜಾಸ್ತಿ ಆಗತ್ತೆ. ಅಗಲ ಹಿಡಿಸ್ದೇ ಇದ್ರೆ ಮಾತ್ರ ಅದರ ಕಡೆ ಹೋಗಿ. ಗೂಸ್‌ನೆಕ್ ಅಂತ ಇನ್ನೊಂದು ಥರ ಇದೆ, ಪಿಕಪ್‌ನ ಬೆಡ್ ಒಳಗೆ, ಹಿಂದಿನ ಆಕ್ಸಲ್ ಹತ್ರ ಕೂರೋದು. ತುಂಬಾ ಸ್ಟೇಬಲ್, ಆದ್ರೆ ಒಟ್ಟು ತೂಕದ 20 ಪರ್ಸೆಂಟ್ ಮೇಲೆಯೂ ಪಿಕಪ್ ಮೇಲೆ ಬೀಳಬಹುದು, ಸಾಧಾರಣ ಪಿಕಪ್‌ಗೆ ಅದು ಹೊರೆ.

ರ್‍ಯಾಂಪ್ ವಿಷ್ಯದಲ್ಲಿ ಸ್ವಲ್ಪ ಖರ್ಚು ಜಾಸ್ತಿ ಆದ್ರೂ ಪರವಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಗಿಡ್ಡ ರ್‍ಯಾಂಪ್ ಕಡಿದಾಗಿರತ್ತೆ, ಕಡಿದಾದ ರ್‍ಯಾಂಪ್ ಮೇಲೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚೋ ಅಪಾಯ ಇದ್ದೇ ಇದೆ. ಭಾರದ ಕಡೆ ಯಾವಾಗ್ಲೂ ಮೇಲ್ಗಡೆ ಇರ್ಲಿ: ಹಿಂದೆ ಭಾರದ ಇಂಪ್ಲಿಮೆಂಟ್ ಇದ್ದು ಮುಂದೆ ಏನೂ ಇಲ್ದಿದ್ರೆ ರಿವರ್ಸ್‌ನಲ್ಲಿ ಹತ್ಸಿ. ಲೋ ಗೇರ್‌ನಲ್ಲಿ ಹತ್ತೋಕೆ ಶುರು ಮಾಡಿದ್ರೆ ಮೇಲೆ ಹೋಗೋವರೆಗೂ ಕ್ಲಚ್ ಮುಟ್ಬೇಡಿ, ಗೇರ್ ಬದಲಾಯಿಸ್ಬೇಡಿ. ಮರದ ಡೆಕ್ ಮಳೇಲಿ ನೆನೆದ್ರೆ ಸಿಕ್ಕಾಪಟ್ಟೆ ಜಾರತ್ತೆ, ಅದೂ ಗೊತ್ತಿರ್ಲಿ.

ಹತ್ಸೋವಾಗ ಇನ್ನೊಂದು ನಡೆಯತ್ತೆ, ನೋಡದೇ ಇದ್ದೋರಿಗೆ ಗಾಬರಿ ಆಗತ್ತೆ. ಟ್ರ್ಯಾಕ್ಟರ್‌ನ ಭಾರವೆಲ್ಲ ಟ್ರೇಲರ್‌ನ ಬಾಲದ ಮೇಲೆ ಬಂದಾಗ ಮೂತಿ ಮೇಲೇಳತ್ತೆ, ಮೂತಿ ಜೊತೆ ಪಿಕಪ್‌ನ ಹಿಂಭಾಗನೂ ಮೇಲೇಳತ್ತೆ, ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಾನೇ, ಆ ಚಕ್ರಕ್ಕೆ ನೆಲದ ಹಿಡಿತ ತಪ್ಪಿದ್ರೆ ಪಿಕಪ್, ಟ್ರೇಲರ್, ಅರ್ಧ ಹತ್ತಿರೋ ಟ್ರ್ಯಾಕ್ಟರ್ ಎಲ್ಲ ಒಟ್ಟಿಗೆ ಹೊರಟುಬಿಡತ್ತೆ. ಇದಕ್ಕೆ ಟ್ರೇಲರ್ ಬಾಲದ ಕೆಳಗೆ ಮಡಚೋ ಕಾಲು ಇರೋದನ್ನೇ ತಗೊಳ್ಳಿ, ಇಲ್ದಿದ್ರೆ ದಪ್ಪ ಮರದ ದಿಮ್ಮಿ ಕೊಟ್ಟು ನಿಲ್ಸಿ, ಪಿಕಪ್‌ಗೂ ಟ್ರೇಲರ್‌ಗೂ ಚಕ್ರಕ್ಕೆ ಅಡ್ಡ ಕೊಡಿ, 4ಡಬ್ಲ್ಯೂಡಿ ಇದ್ರೆ ಅದನ್ನೂ ಹಾಕಿ ಗೇರ್‌ನಲ್ಲಿ ನಿಲ್ಲಿಸಿ. ಟ್ರೇಲರನ್ನ ಪಿಕಪ್‌ನಿಂದ ಬಿಚ್ಚಿ ಲೋಡ್ ಮಾಡೋ ಧೈರ್ಯ ಅಂತೂ ಯಾವತ್ತೂ ಮಾಡ್ಬೇಡಿ.

ಬ್ರೇಕ್: ಎರಡು ಆಕ್ಸಲ್ ಇದ್ರೆ ಎರಡಕ್ಕೂ ಬ್ರೇಕ್ ಇರ್ಬೇಕು, ಒಂದಕ್ಕೆ ಮಾತ್ರ ಇರೋದು ಕಮ್ಮಿ ಬೆಲೆಗೆ ಸಿಗತ್ತೆ, ಆಸೆ ಬೀಳ್ಬೇಡಿ. ಎಲೆಕ್ಟ್ರಿಕ್ ಬ್ರೇಕ್‌ಗೆ ಪಿಕಪ್ ಒಳಗೆ ಕಂಟ್ರೋಲರ್, ಹಿಂದೆ 7 ಪಿನ್ ಕನೆಕ್ಟರ್ ಬೇಕು. ಕೊಂಡಿ ತಪ್ಪಿ ಟ್ರೇಲರ್ ಕಳಚಿಕೊಂಡ್ರೆ ತಾನೇ ಬ್ರೇಕ್ ಹಿಡಿಯೋ ಬ್ರೇಕ್‌ಅವೇ ಸ್ವಿಚ್ ಒಂದಿರತ್ತೆ, ಅದರ ಚಿಕ್ಕ ಬ್ಯಾಟರಿ ಸತ್ತಿದ್ರೆ ಸ್ವಿಚ್ ಇದ್ದೂ ಉಪಯೋಗ ಇಲ್ಲ. ಹಿಚ್ ನೋಡುವಾಗ ರಿಸೀವರ್ (ಪಿಕಪ್‌ಗೆ ಕೂರಿಸಿರೋ ಚೌಕ ತೂತಿನ ಭಾಗ), ಬಾಲ್ ಮೌಂಟ್ (ಅದರೊಳಗೆ ತೂರಿಸೋ ಕಬ್ಬಿಣದ ತೋಳು), ಬಾಲ್ ಮೂರಕ್ಕೂ ಬೇರೆಬೇರೆ ರೇಟಿಂಗ್ ಇರತ್ತೆ, ಅದರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಲಿಮಿಟ್. ರಿಸೀವರ್ ಪ್ಲೇಟ್‌ನಲ್ಲಿ ಎರಡು ನಂಬರ್ ಇರಬಹುದು, ಒಂದು ಹಾಗೇ ಎಳೆಯೋದಕ್ಕೆ, ದೊಡ್ಡದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಮೂತಿಯ ಭಾರವನ್ನ ಪಿಕಪ್‌ನ ಮುಂದಿನ ಚಕ್ರಕ್ಕೂ ಹಂಚೋದು) ಹಾಕಿದ್ರೆ ಮಾತ್ರ. ಬಾಲ್ ಸೈಜು 2 ಇಂಚು ಅಥವಾ 2 5/16 ಇಂಚು, ಟ್ರೇಲರ್‌ನ ಕಪ್ಲರ್ (ಬಾಲ್ ಮೇಲೆ ಕೂರೋ ಮೂತಿಯ ತುದಿ) ಮೇಲೆ ಯಾವುದು ಕೆತ್ತಿದ್ಯೋ ಅದೇ ಹಾಕ್ಬೇಕು, ಚಿಕ್ಕ ಬಾಲ್ ಮೇಲೆ ದೊಡ್ಡ ಕಪ್ಲರ್ ಕೂತ ಹಾಗೆ ಕಾಣತ್ತೆ, ಮೊದಲ ಹಳ್ಳದಲ್ಲೇ ಎಗರತ್ತೆ.

ಕಟ್ಟೋ ಜಾಗಗಳನ್ನ ಕೊಳ್ಳೋ ಮೊದಲೇ ನೋಡಿ. ನಾಲ್ಕು ಮೂಲೆಗೂ ಫ್ರೇಮ್‌ಗೆ ವೆಲ್ಡ್ ಆಗಿರೋ ಡಿ ರಿಂಗ್ ಬೇಕು, ಬರೀ ಹಲಗೆಗೆ ಸ್ಕ್ರೂ ಹೊಡೆದಿರೋದಲ್ಲ. ಗ್ರೇಡ್ 70 ಚೈನ್ 5/16 ಇಂಚಿನದು 4,700 ಪೌಂಡ್, 3/8 ಇಂಚಿನದು 6,600 ಪೌಂಡ್ ವರ್ಕಿಂಗ್ ಲೋಡ್ ತಡೆಯತ್ತೆ. ಮುಂದೆರಡು ಹಿಂದೆರಡು ಬೇರೆಬೇರೆ ಚೈನ್ ಹಾಕಿ, ಚೈನ್ ಬಿಗಿ ಮಾಡೋ ಬೈಂಡರ್ ರ್‍ಯಾಚೆಟ್‌ದೇ ತಗೊಳ್ಳಿ, ಲಿವರ್‌ದು ಬಿಚ್ಚುವಾಗ ಹಾರಿ ಮುಖಕ್ಕೆ ಹೊಡೆಯೋ ಚಾನ್ಸ್ ಇರತ್ತೆ. ಚೈನನ್ನ ಸ್ಟೀರಿಂಗ್ ರಾಡ್‌ಗೆ ಕಟ್ಬೇಡಿ, ಬಕೆಟ್ ಮತ್ತು ರೋಟವೇಟರ್ ಡೆಕ್ ಮೇಲೆ ಇಳಿಸಿ ಅವಕ್ಕೂ ಬೇರೆ ಕಟ್ಟು ಹಾಕಿ.

ಸೆಕೆಂಡ್ ಹ್ಯಾಂಡ್ ನೋಡೋದಾದ್ರೆ ಹೊಸ ಪೇಂಟ್ ಕಂಡ್ರೆ ಕೆಳಗೆ ಮಲಗಿ ನೋಡಿ, ಅಡ್ಡ ಪಟ್ಟಿಗಳು ಫ್ರೇಮ್‌ಗೆ ಸೇರೋ ಕಡೆ ತುಕ್ಕು, ಬಿರುಕು, ಮೇಲೆ ಮೇಲೆ ವೆಲ್ಡ್ ಮಾಡಿರೋದು ಏನಾದ್ರೂ ಇದ್ಯಾ ಅಂತ. ಒಂದು ಟೈರ್ ಒಂದೇ ಅಂಚಿನಲ್ಲಿ ಸವೆದಿದ್ರೆ ಆಕ್ಸಲ್ ಬಾಗಿರಬಹುದು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರತ್ತೆ, 1421 ಅಂದ್ರೆ 2021ರ 14ನೇ ವಾರ ತಯಾರಾಗಿದ್ದು, ಟ್ರೇಲರ್ ಟೈರ್‌ಗಳು ಸವೆಯೋಕಿಂತ ಮೊದಲು ವಯಸ್ಸಾಗಿ ಒಡೆಯೋದೇ ಜಾಸ್ತಿ, ಟ್ರೆಡ್ ಚೆನ್ನಾಗಿದೆ ಅಂತ ನಂಬ್ಬೇಡಿ. ಚಕ್ರ ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿ, ಗರಗರ ಸದ್ದು ಬಂದ್ರೆ ಬೇರಿಂಗ್ ಬದಲಾಯಿಸೋ ಖರ್ಚನ್ನ ಬೆಲೇಲಿ ಇಳಿಸಿ ಕೇಳಿ. ತಂದ ಮೇಲೆ ಮೊದಲ 80 ಕಿಲೋಮೀಟರ್ ಓಡ್ಸಿ ಚಕ್ರದ ನಟ್‌ಗಳನ್ನ ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿ ಮಾಡಿ, ಅದೇ ನಿಲುಗಡೆಯಲ್ಲಿ ನಾಲ್ಕೂ ಹಬ್ ಹತ್ರ ಕೈ ಇಟ್ಟು ನೋಡಿ, ಉಳಿದ ಮೂರಕ್ಕಿಂತ ಒಂದು ಜಾಸ್ತಿ ಬಿಸಿ ಇದ್ರೆ ಅಲ್ಲಿ ಬೇರಿಂಗ್ ಅಥವಾ ಬ್ರೇಕ್ ಹಿಡ್ಕೊಂಡಿದೆ.