ಬಸ್ಸಲ್ಲಿ 13 ಜನ ಇದ್ದರೆ ಗಾಳಿಗೆ ಲಾಭ, 29 ಇದ್ದರೆ ಮಾಲಕನಿಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಆಚೆ, ಕರ್ನಾಟಕದ ಗಡಿಗೆ ತಾಗಿದ ಊರೊಂದರಿಂದ ಹೊರಡುವ ಬಸ್ಸನ್ನು ನಾನು ಬಹಳ ವರ್ಷ ಓಡಿಸಿದವ. ಹಿಡಿದದ್ದು ಸ್ಟೀರಿಂಗ್ ಅಲ್ಲ, ಸಾಲ. ಕೊನೆಗೆ ಬಸ್ಸನ್ನು ಪರ್ಮಿಟ್ ಸಮೇತ ಬಿಟ್ಟುಕೊಟ್ಟು ಅಡಿಕೆ ತೋಟ ನೋಡಿಕೊಳ್ಳುತ್ತಿದ್ದಾಗ ಪಂಚಾಯತಿಯವರು ಬಂದರು. "ಅಣ್ಣ, ನಿಮಗೆ ಬಸ್ಸಿನ ವಿಷಯ ಗೊತ್ತುಂಟಲ್ಲ, ಕಾರ್ಯಪಡೆಗೆ ಬನ್ನಿ, ಸಾರಿಗೆಗೊಂದು ಯೋಜನೆ ಬರೆಯುವ" ಎಂದರು. ಮೊದಲ ಸಭೆಯಲ್ಲೇ ಎಲ್ಲರ ಬಾಯಲ್ಲೂ ಒಂದೇ ಮಾತು: ಎಲೆಕ್ಟ್ರಿಕ್ ಬಸ್ಸು ತರಿಸುವ, ಹೊಗೆಯೂ ಇಲ್ಲ, ಡೀಸೆಲ್ ಖರ್ಚೂ ಇಲ್ಲ. ನಾನು ಹಳೆಯ ಲೆಕ್ಕದ ಪುಸ್ತಕ ತಂದು ಮೇಜಿನ ಮೇಲಿಟ್ಟೆ.

ನಮ್ಮ ಗುಡ್ಡದ ರಸ್ತೆಯಲ್ಲಿ ದೊಡ್ಡ ಬಸ್ಸು ಲೀಟರಿಗೆ 4 ಕಿಲೋಮೀಟರ್ ಓಡಿದರೆ ಪುಣ್ಯ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಅಂದರೆ ಕಿಲೋಮೀಟರಿಗೆ 670 ಗ್ರಾಂ. ಸ್ಕೂಟರ್ ಲೀಟರಿಗೆ 45 ಕೊಡುತ್ತದೆ ಎಂದಿಟ್ಟುಕೊಳ್ಳಿ, ಪೆಟ್ರೋಲಿನದ್ದು ಲೀಟರಿಗೆ 2.3 ಕಿಲೋ, ಕಿಲೋಮೀಟರಿಗೆ 50 ಗ್ರಾಂ ಚಿಲ್ಲರೆ. ಭಾಗಿಸಿ ನೋಡಿದರೆ 13. ಒಬ್ಬೊಬ್ಬರೇ ಕೂತು ಹೋಗುವ 13 ಸ್ಕೂಟರ್‌ಗಳನ್ನು ರಸ್ತೆಯಿಂದ ಇಳಿಸಿದರೆ ಮಾತ್ರ ಬಸ್ಸು ಗಾಳಿಗೆ ಉಪಕಾರ ಮಾಡಿದ ಹಾಗೆ. ಮಧ್ಯಾಹ್ನ ಒಂದೂವರೆಗೆ ಆರೇಳು ಜನ ಹತ್ತಿಸಿಕೊಂಡು ಗಡಗಡ ಎನ್ನುತ್ತಾ ಹೋಗುವ ಬಸ್ಸನ್ನು ಪರಿಸರಸ್ನೇಹಿ ಎಂದು ಭಾಷಣದಲ್ಲಿ ಹೇಳಬಹುದು, ಅಷ್ಟೆ.

ಇನ್ನು ದುಡ್ಡಿನ ಲೆಕ್ಕ. ನಾವು ಲೆಕ್ಕ ಹಾಕುವಾಗ ಕೇರಳದಲ್ಲಿ ಡೀಸೆಲ್ 95 ರೂಪಾಯಿಯ ಆಸುಪಾಸು ಇತ್ತು. 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿ ಸೆಸ್ ಬೇರೆ ಸೇರಿಕೊಂಡಿದೆ. (ಕಾರಿನವರು ಸಾರಡ್ಕ ದಾಟಿ ಕರ್ನಾಟಕದ ಪಂಪಿನಲ್ಲಿ ತುಂಬಿಸಿ ಬರುತ್ತಾರೆ. ಪರ್ಮಿಟ್ ಗಡಿಯ ಈಚೆಗೇ ಮುಗಿಯುವ ಬಸ್ಸಿಗೆ ಆ ಭಾಗ್ಯವಿಲ್ಲ.) ಕಿಲೋಮೀಟರಿಗೆ ಡೀಸೆಲ್ ಒಂದೇ 24 ರೂಪಾಯಿ ತಿನ್ನುತ್ತದೆ. ನಮ್ಮೂರಿಂದ ಪೇಟೆಗೆ 12 ಕಿಲೋಮೀಟರ್, ಒಂದು ಟ್ರಿಪ್ಪಿಗೆ 285 ರೂಪಾಯಿಯಷ್ಟು. 2022ರ ಮೇಯಲ್ಲಿ ಪರಿಷ್ಕರಿಸಿದ ದರದಂತೆ ಮೊದಲ ಎರಡೂವರೆ ಕಿಲೋಮೀಟರಿಗೆ 10 ರೂಪಾಯಿ, ಆಮೇಲೆ ಕಿಲೋಮೀಟರಿಗೆ 1 ರೂಪಾಯಿ. ಪೂರಾ ಬರುವವರ ಟಿಕೆಟ್ 20ರ ಹತ್ತಿರ. ಡೀಸೆಲ್ ಹುಟ್ಟಬೇಕಾದರೇ 14–15 ಜನ ಈ ತುದಿಯಿಂದ ಆ ತುದಿವರೆಗೆ ಕೂರಬೇಕು. ಡ್ರೈವರ್, ಕಂಡಕ್ಟರ್, ಕ್ಲೀನರ್ ಸಂಬಳ, ಬಾಟಾ (ದಿನಭತ್ಯೆ), ಟಯರ್, ಇನ್ಶೂರೆನ್ಸ್, ಮೂರು ತಿಂಗಳಿಗೊಮ್ಮೆ ಟ್ಯಾಕ್ಸ್, ಬ್ಯಾಂಕಿನ ಕಂತು ಎಲ್ಲ ಸೇರಿದರೆ ನನ್ನ ಪುಸ್ತಕದಲ್ಲಿ ಡೀಸೆಲ್ ಬರೀ ಅರ್ಧ ಖರ್ಚು. ಹಾಗಾಗಿ 29 ಜನ. ಬೆಳಗ್ಗಿನ ಟ್ರಿಪ್ಪಿನಲ್ಲಿ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ ನಿಜ, ಆದರೆ ಅರ್ಧದಷ್ಟು ಶಾಲೆ ಮಕ್ಕಳು. ಅವರ ಕನಿಷ್ಠ ದರ ಇವತ್ತಿಗೂ 1 ರೂಪಾಯಿ. ಮಕ್ಕಳಿಗೆ ರಿಯಾಯಿತಿ ಬೇಕು, ಎರಡು ಮಾತಿಲ್ಲ. ಆದರೆ ಆ ರಿಯಾಯಿತಿಯ ಭಾರ ಸರಕಾರದ ಬೊಕ್ಕಸದ ಬದಲು ಬಸ್ಸಿನವನ ಕಿಸೆಯ ಮೇಲೆ ಬಿದ್ದಿದೆ.

13ಕ್ಕೂ 29ಕ್ಕೂ ಮಧ್ಯೆ ಇರುವ ಟ್ರಿಪ್ಪುಗಳಲ್ಲೇ ನಮ್ಮ ಯೋಜನೆಯ ತಿರುಳು ಇದ್ದದ್ದು. ಊರಿಗೆ ಒಳ್ಳೆಯದು, ಗಾಳಿಗೆ ಒಳ್ಳೆಯದು, ಮಾಲಕನಿಗೆ ನಷ್ಟ. ಸಾರ್ವಜನಿಕ ದುಡ್ಡು ಹೋಗಬೇಕಾದದ್ದು ಅಲ್ಲಿಗೆ. ಇಡೀ ಬಸ್ಸಿಗೆ ಸಬ್ಸಿಡಿ ಕೊಡಿ ಎಂದು ನಾನು ಯಾವತ್ತೂ ವಾದಿಸಿಲ್ಲ.

ಅಂಥ ಟ್ರಿಪ್ಪು ಯಾವುದೆಂದು ಹುಡುಕಲು ಎಣಿಸಲೇಬೇಕಿತ್ತು. ಸಾಮಾನ್ಯವಾಗಿ ಬಸ್ಸಿಗೆ ಹತ್ತಿದವರನ್ನು ಎಣಿಸುತ್ತಾರೆ. ನಾವು ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೆರೆ ಎಳೆದು, ಸ್ಟಾಪಿನ ಮುಂದಿನಿಂದ ಬಸ್ಸು ಹತ್ತದೆ ದಾಟಿ ಹೋದವರನ್ನೂ ಬರೆದೆವು: ಸ್ಕೂಟರ್, ಬೈಕು, ಆಟೋ, ಶಾಲೆ ವ್ಯಾನು, ಕಾರು. ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು ಈ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ, ಯಾರ ಸ್ಕೂಟರಿನ ಹಿಂದೆ ಯಾರು ಕೂತಿದ್ದರು ಎಂಬುದೂ ಷರಾದಲ್ಲಿ ಬಂದಿತ್ತು. ಅದನ್ನು ಅಳಿಸಿಸಬೇಕಾಯಿತು.

ಸಂಜೆ ಅವರವರ ಮನೆಗೇ ಹೋಗಿ "ಬಸ್ಸಿಗೆ ಯಾಕೆ ಬರುವುದಿಲ್ಲ?" ಎಂದು ಕೇಳಿದೆವು. ಟಿಕೆಟ್ ಜಾಸ್ತಿಯಾಯಿತು ಎಂದವರು ಬೆರಳೆಣಿಕೆಯಷ್ಟು. ಉಳಿದವರದ್ದು ಒಂದೇ ಉತ್ತರ: ಹಿಂದೆ ಬರಲಿಕ್ಕೆ ಬಸ್ಸಿಲ್ಲ. ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗಿ ಹೇಳಿದ್ದು ನನಗೆ ಸರಿಯಾಗಿ ನಾಟಿತು. "ಮಾವ, ಅಂಗಡಿ ಬಿಡುವಾಗ ಎಂಟಾಗ್ತದೆ. ಲಾಸ್ಟ್ ಬಸ್ಸು ಏಳೂಕಾಲಿಗೇ ಹೋಗಿರ್ತದೆ. ರಾತ್ರಿಗೆ ಬೇಕೂಂತ ಸಾಲ ಮಾಡಿ ಸ್ಕೂಟಿ ತಗೊಂಡೆ. ತಗೊಂಡ ಮೇಲೆ ಬೆಳಗ್ಗೆ ಮಾತ್ರ ಬಸ್ಸಿಗೆ ಯಾಕೆ ಕಾಯೂದು?" ಕೋವಿಡ್ ಕಳೆದ ಮೇಲೆ ಮಾಲಕರು ಮೊದಲು ಕತ್ತರಿಸಿದ್ದು ಈ ರಾತ್ರಿಯ ಟ್ರಿಪ್ಪನ್ನೇ, ಕಲೆಕ್ಷನ್ ಇಲ್ಲ ಎಂದು. ಆ ಟ್ರಿಪ್ಪಿನ ಕಲೆಕ್ಷನ್ ಕಂಡಕ್ಟರನ ಚೀಲಕ್ಕೆ ಬೀಳುವುದು ಮರುದಿನ ಬೆಳಗ್ಗೆ. ರಾತ್ರಿ ಎಂಟು ಜನರನ್ನು ಮನೆ ಮುಟ್ಟಿಸುವ ಬಸ್ಸು ಬೆಳಗ್ಗೆ ಇಪ್ಪತ್ತು ಜನರನ್ನು ಸ್ಟಾಪಿಗೆ ತರುತ್ತದೆ. ಒಂದೊಂದೇ ಟ್ರಿಪ್ಪಿನ ಲಾಭ–ನಷ್ಟ ನೋಡುವ ಪುಸ್ತಕದಲ್ಲಿ ಇದು ಕಾಣುವುದೇ ಇಲ್ಲ.

ಎಲೆಕ್ಟ್ರಿಕ್ ಬಸ್ಸಿನ ಆಸೆಗೂ ಲೆಕ್ಕ ಹಾಕಿದೆವು. ಕೇಂದ್ರ ಸರಕಾರದ ದೊಡ್ಡ ಯೋಜನೆಗಳು ನಮ್ಮಂಥ ಊರಿನವರೆಗೆ ಬರುವುದಿಲ್ಲ. 2023ರಲ್ಲಿ ಮಂಜೂರಾದ ಪಿಎಂ ಇ–ಬಸ್ ಸೇವಾ 10,000 ಬಸ್ಸುಗಳದ್ದು, ಆದರೆ ಮುಖ್ಯವಾಗಿ 3 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. 2024ರ ಪಿಎಂ ಇ–ಡ್ರೈವ್‌ನ ಬಸ್ಸುಗಳು 40 ಲಕ್ಷ ದಾಟಿದ ಮಹಾನಗರಗಳಿಗೆ. 2011ರ ಗಣತಿಯಲ್ಲಿ ಕಾಸರಗೋಡು ನಗರದ ಜನಸಂಖ್ಯೆಯೇ 54 ಸಾವಿರ, ನಮ್ಮ ಹಳ್ಳಿಯ ಮಾತು ಬಿಡಿ. ಸ್ವಂತ ಖರ್ಚಿನಲ್ಲಿ ತರುವುದಾದರೆ 9 ಮೀಟರಿನ ಇ–ಬಸ್ಸಿಗೆ ಕೋಟಿ ರೂಪಾಯಿ ಬೇಕು. ಡೀಸೆಲ್ ಬಸ್ಸು 40 ಲಕ್ಷದೊಳಗೆ ಆಗುತ್ತದೆ. ಕಿಲೋಮೀಟರಿಗೆ ಒಂದು ಯೂನಿಟ್ ಕರೆಂಟ್ ಎಂದರೂ 15 ರೂಪಾಯಿ ಉಳಿತಾಯ, ದಿನಕ್ಕೆ 200 ಕಿಲೋಮೀಟರ್ ಓಡಿಸಿದರೆ ವರ್ಷಕ್ಕೆ 10 ಲಕ್ಷ. ಹೆಚ್ಚುವರಿ 60 ಲಕ್ಷದ ಬಡ್ಡಿಯೇ 6 ಲಕ್ಷ, ಅಸಲು ಬೇರೆ. ಬ್ಯಾಟರಿ ಬದಲಿಸುವ ಹೊತ್ತಿಗೆ ಉಳಿದದ್ದು ಏನು?

ಸಭೆಯಲ್ಲಿ ಯಾರಿಗೂ ರುಚಿಸದ ಇನ್ನೊಂದು ವಿಷಯವೂ ಇತ್ತು. ದೇಶದ ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿನ ಹಿಂದೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ. ಹೆಚ್ಚುಕಮ್ಮಿ ನಮ್ಮ ಡೀಸೆಲ್ ಬಸ್ಸಿನಷ್ಟೇ! ಸ್ಟಾಪಿನಲ್ಲಿ ನಿಂತ ಮಗುವಿನ ಮೂಗಿಗೆ ಹೊಗೆ ಬರುವುದಿಲ್ಲ, ಅದು ಸಣ್ಣ ವಿಷಯವಲ್ಲ. ಹೊಗೆ ಹೋಗುವುದು ಎಲ್ಲೋ ಕಲ್ಲಿದ್ದಲ ಸ್ಥಾವರದ ಚಿಮಣಿಯಿಂದ. ಆಗ ಯುವಕನೊಬ್ಬ ನಮ್ಮ ಜಿಲ್ಲೆಯದ್ದೇ ಆದ ಪೈವಳಿಕೆಯನ್ನು ನೆನಪಿಸಿದ. ಅಲ್ಲಿ 50 ಮೆಗಾವಾಟಿನ ಸೋಲಾರ್ ಸ್ಥಾವರ 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿದೆ. ಬಿಸಿಲು ಜೋರಿರುವುದು ಹನ್ನೊಂದರಿಂದ ಮೂರು ಗಂಟೆವರೆಗೆ, ನಮ್ಮ ಬಸ್ಸು ಖಾಲಿ ಓಡುವುದೂ ಅದೇ ಹೊತ್ತಿಗೆ. ಆ ಹೊತ್ತು ಬಸ್ಸನ್ನು ನಿಲ್ಲಿಸಿ ಚಾರ್ಜಿಗೆ ಹಾಕಿದರೆ ಎರಡೂ ಲೆಕ್ಕ ಸರಿಹೋಗುತ್ತದೆ. ಇದನ್ನು ಮುಂದಿನ ಐದು ವರ್ಷದ ಪುಟದಲ್ಲಿ ಬರೆದಿಟ್ಟಿದ್ದೇವೆ.

ಮಧ್ಯಾಹ್ನದ ಆರೇಳು ಜನರನ್ನು ಹಾಗೆಂದು ಬಿಡುವಂತಿಲ್ಲ. ಹೆಚ್ಚಿನವರು ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೋ ಮಂಗಳೂರಿಗೋ ಹೋಗಿ ಬರುವ ರೋಗಿಗಳು. ಎಣ್ಮಕಜೆಯ ಕಡೆ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದವರ ಮನೆಗಳಲ್ಲಿ ಇದು ತಿಂಗಳ ಮಾಮೂಲಿ ಪ್ರಯಾಣ. ಅವರಿಗೆ ಎಲೆಕ್ಟ್ರಿಕ್ ಆಟೋಗಳನ್ನು ಹೊತ್ತು ಗೊತ್ತು ಮಾಡಿ ಓಡಿಸುವ ಎಂದೆವು. ಆಟೋದ ಪರ್ಮಿಟ್ಟಿನಲ್ಲಿ ತಲೆಗಿಷ್ಟು ಎಂದು ವಸೂಲು ಮಾಡುವಂತಿಲ್ಲ ಎಂದು ಕಚೇರಿಯವರು ತಡೆದರು. ಇಡೀ ಆಟೋಗೆ ಕನಿಷ್ಠ ಬಾಡಿಗೆ 30 ರೂಪಾಯಿ, ಒಂದೂವರೆ ಕಿಲೋಮೀಟರಿನ ಆಚೆ ಕಿಲೋಮೀಟರಿಗೆ 15. ಡಯಾಲಿಸಿಸ್‌ಗೆ ಹೋಗುವವರು ಇದನ್ನು ಎಷ್ಟು ದಿನ ಕೊಟ್ಟಾರು? ಆ ಕಡತ ಇನ್ನೂ ಮೇಜಿನಿಂದ ಮೇಜಿಗೆ ತಿರುಗುತ್ತಿದೆ.

ಯೋಜನೆಯಲ್ಲಿ ಹೆದ್ದಾರಿಯ ಬಗ್ಗೆಯೂ ಬರೆಯಬೇಕೆಂದು ಹಲವರ ಒತ್ತಾಯವಿತ್ತು. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥವಾಯಿತು, ಬದಿಯ ಮರಗಳು ಹೋದವು. ಇನ್ನೂ ತೆಂಕಕ್ಕೆ ಚೆರ್ವತ್ತೂರಿನ ವೀರಮಲೆ ಗುಡ್ಡ 2025ರ ಜುಲೈಯಲ್ಲಿ ಹೆದ್ದಾರಿಗೆ ಜರಿದದ್ದೂ ಎಲ್ಲರಿಗೂ ಗೊತ್ತು. ಪಂಚಾಯತಿಯ ಕೈಯಲ್ಲಿಲ್ಲದ ವಿಷಯಕ್ಕೆ ನಾನು ಒಂದು ಪ್ಯಾರಾ ಕೊಟ್ಟು ಮುಗಿಸಿದೆ.

ಗ್ರಾಮಸಭೆಯಲ್ಲಿ ಹೆಂಗಸರು ಬೇರೆಯೇ ಪ್ರಶ್ನೆ ಎತ್ತಿದರು: "ಗಡಿ ದಾಟಿದರೆ ನಮ್ಮ ಅಕ್ಕತಂಗಿಯರಿಗೆ ಬಸ್ಸು ಫ್ರೀ, ನಮಗೆ ಯಾಕಿಲ್ಲ?" 2023ರ ಜೂನ್‌ನಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆ ಇರುವುದರಿಂದ ಈ ಹೋಲಿಕೆ ಇಲ್ಲಿ ಪ್ರತಿ ಸಭೆಯಲ್ಲೂ ಬರುತ್ತದೆ. ನಾನಂದೆ, "ಫ್ರೀ ಆಗಲಿಕ್ಕೆ ಮೊದಲು ಬಸ್ಸು ಇರಬೇಕಲ್ಲ ಅಕ್ಕ." ನಕ್ಕರು, ಆದರೆ ಉತ್ತರ ಸಿಕ್ಕಿತೆಂದು ಒಪ್ಪಲಿಲ್ಲ.

ರಾತ್ರಿಯ ಟ್ರಿಪ್ಪಿಗೆ ದಾರಿ ಕಂಡದ್ದು ಗ್ರಾಮವಂಡಿಯಲ್ಲಿ. 2022ರಲ್ಲಿ ತಿರುವನಂತಪುರದ ಕೊಲ್ಲಯಿಲ್ ಪಂಚಾಯತಿಯಲ್ಲಿ ಶುರುವಾದ ಯೋಜನೆ ಇದು: ಬಸ್ಸು, ಡ್ರೈವರ್, ಕಂಡಕ್ಟರ್ ಕೇರಳದ ಸರಕಾರಿ ಸಾರಿಗೆಯದ್ದು, ಡೀಸೆಲ್ ಸ್ಥಳೀಯ ಸಂಸ್ಥೆಯದ್ದು, ರೂಟು ಹೇಳುವುದೂ ಸ್ಥಳೀಯ ಸಂಸ್ಥೆಯೇ. ಖಾಸಗಿ ಮಾಲಕನಿಗೆ ದುಡ್ಡು ಕೊಟ್ಟರೆ ಆಡಿಟ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಕಾರ್ಯದರ್ಶಿಯವರು ಮೊದಲೇ ಹೇಳಿದ್ದರು. ಡೀಸೆಲಿಗೆ ದುಡ್ಡು ಇಡಲು ಸದಸ್ಯರಿಗೂ ಮನಸ್ಸಿರಲಿಲ್ಲ. ರಸ್ತೆಗೆ ಡಾಮರು ಹಾಕಿಸಿದರೆ ಕಲ್ಲಿನ ಮೇಲೆ ಹೆಸರು ಬರುತ್ತದೆ, ಡೀಸೆಲಿಗೆ ಕೊಟ್ಟರೆ ಬರೀ ಹೊಗೆ! ನಾವು ಇಡೀ ದಿನದ ಡೀಸೆಲ್ ಕೇಳದೆ, ರಾತ್ರಿ ಎಂಟೂವರೆಗೆ ಪೇಟೆಯಿಂದ ಹೊರಟು ಊರಲ್ಲೇ ತಂಗಿ ಬೆಳಗ್ಗೆ ಆರೂಕಾಲಿಗೆ ಹೊರಡುವ ಒಂದು ಸ್ಟೇ ಬಸ್ಸಿನ ಡೀಸೆಲಿಗೆ ಮಾತ್ರ ಹಣ ಇಡಿಸಿದೆವು. ಊರಲ್ಲೇ ತಂಗುವುದರಿಂದ ಡಿಪೋಗೆ ಖಾಲಿ ಓಡುವ ಎರಡು ಓಟ ಉಳಿಯಿತು. ಡಿಪೋದವರು ಒಪ್ಪಿದ್ದೂ ಆ ಲೆಕ್ಕ ನೋಡಿಯೇ.

ಡ್ರೈವರ್, ಕಂಡಕ್ಟರಿಗೆ ಮಲಗಲು ಜಾಗ ಕೊಡುವುದು ನಮ್ಮ ಪಾಲಿಗೆ ಬಂತು. ಮಹಿಳಾ ಮಂಡಲದ ಕಟ್ಟಡದ ಒಂದು ಕೋಣೆಗೆ ಫ್ಯಾನು, ಎರಡು ಮಂಚ, ಹೊರಗೊಂದು ನಲ್ಲಿ ಹಾಕಿಸಿ ಕೊಟ್ಟೆವು. ಸೊಳ್ಳೆಪರದೆ ಕಂಡಕ್ಟರ್ ತಾನೇ ತಂದ. ರಾತ್ರಿಯ ಟ್ರಿಪ್ಪಿಗೆ ಈಗ ಜನ ಹತ್ತರ ಆಚೀಚೆ, ಬೆಳಗ್ಗಿನದ್ದು ಪೇಟೆ ಮುಟ್ಟುವಾಗ ಭರ್ತಿ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಮತ್ತೊಮ್ಮೆ ನೋಟ್‌ಬುಕ್ ಹಿಡಿದು ನಿಲ್ಲಬೇಕು. ಮಳೆಗಾಲದಲ್ಲಿ ಸ್ಕೂಟರಿನವರು ಹೇಗೂ ಬಸ್ಸಿಗೆ ಬರುತ್ತಾರೆ, ಅವರಲ್ಲಿ ಎಷ್ಟು ಜನ ಅಕ್ಟೋಬರಿನವರೆಗೆ ಉಳಿಯುತ್ತಾರೆಂದು ನೋಡಿಯೇ ಮುಂದಿನ ವರ್ಷದ ಡೀಸೆಲಿಗೆ ಸಭೆಯಲ್ಲಿ ಬಾಯಿ ತೆರೆಯುವುದು.